ಟೋಮೋಗ್ರಫಿಗೆ ಏನನ್ನೋಣ? (ಇವತ್ತು ಸಂಜೆಯೊಳಗೆ ಬೇಕು)

ಗೆಳೆಯರೇ, ಒಂದು ವಿಜ್ಞಾನ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಕ್ಸ್‌ರೇ ಕಂಡುಹಿಡಿದ ರಾಂಟ್ಜೆನ್ ಮುಗಿಯಿತು, ಸಿ.ಟಿ. ಸ್ಕ್ಯಾನ್ ಯಂತ್ರ ಮಾಡಿದ ಹೌನ್ಸ್‌ಫೀಲ್ಡ್ ಹತ್ತಿರ ಸಿಕ್ಕಿಬಿದ್ದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ತೆಗೆದರು ಅನ್ನೋ ಸಾಲಿನಲ್ಲಿ ಟೋಮೋಗ್ರಫಿಗೆ (ಸಿ.ಟಿ.ಯ 'ಟಿ' ಅದೇ, ದೇಹದ ಒಳಗನ್ನು ಪದರ ಪದರವಾಗಿ ತೋರಿಸುವ ಚಿತ್ರ) ಒಂದು ಪದ ಬೇಕು. 'ಛೇದಚಿತ್ರ' ಅಂತ ಹಾಕಿದ್ದೆ. ಓದಿದ ಮಗಳು "ಅಂಶ, ಛೇದ ಅಂತಾರಲ್ಲ, ಆ ಛೇದವಾ?" ಅಂದಳು. ಅಲ್ಲಿಗೆ ಅದು ಹೋಯ್ತು.

* * *

ಹೋಳುತಿಟ್ಟ. ಹೋಳು ಅಂದರೆ ತುಂಡು, ತಿಟ್ಟ ಅಂದರೆ ಚಿತ್ರ. ಎರಡೂ ಅಚ್ಚಗನ್ನಡ, ಇನ್ನೇನು ಬೇಕು? ಗ್ರೀಕಿನ ಟೋಮೋಸ್ ಅಂದರೂ ತುಂಡು ಅಂತಲೇ. ನಮ್ಮ 'ತುಂಡು'ವಿಗೂ ಅದಕ್ಕೂ ನಂಟು ಇದ್ದೇ ಇದೆ, ಬಿಡುವಾದಾಗ ವಿವರವಾಗಿ ಬರೆಯುತ್ತೇನೆ.

* * *

ದಯವಿಟ್ಟು ಬರೆಯಬೇಡಿ. ಟೋಮೋಸ್ ಬಂದಿದ್ದು 'ಕತ್ತರಿಸು' ಅನ್ನೋ ಗ್ರೀಕ್ ಧಾತುವಿನಿಂದ. ಕತ್ತರಿಸಲಾಗದ್ದು ಅಂತ ಹೆಸರಿಟ್ಟ 'ಆಟಮ್' ಕೂಡ ಅದರದೇ ಕುಡಿ. ತುಂಡು ದ್ರಾವಿಡದ್ದು. ಸದ್ದು ಹೋಲುತ್ತೆ ಅಂತ ಸುಮ್ನೆ ನೆಂಟಸ್ತನ ಬೆಳೆಸಬೇಡಿ.

ಇನ್ನು ಹೋಳು. ಹೋಳು ಅಂದರೆ ಕತ್ತರಿಸಿದ ಮೇಲೆ ಕೈಗೆ ಸಿಗುವ ವಸ್ತು. ಹೌನ್ಸ್‌ಫೀಲ್ಡ್ ಏನನ್ನೂ ಕತ್ತರಿಸಲಿಲ್ಲ, ಅದೇ ಅಲ್ವಾ ಅದರ ಸೊಗಸು? ತಲೆಯ ಸುತ್ತ 180 ಕೋನಗಳಿಂದ, ಪ್ರತಿ ಕೋನದಲ್ಲೂ 160 ಕಡೆ ಎಕ್ಸ್‌ರೇ ಹಾಯಿಸಿ, ಎಷ್ಟು ಹೊರಗೆ ಬಂತು ಅಂತ ಅಳೆದರು. ಒಟ್ಟು 28,800 ಅಳತೆ. ಅದರಿಂದ 80ಕ್ಕೆ 80 ಚೌಕಗಳ ಒಂದು ಚಿತ್ರವನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೆಗೆಯಿತು. ಹೋಳು ಇರುವುದು ಲೆಕ್ಕದಲ್ಲಿ, ತಲೆಯಲ್ಲಿ ಅಲ್ಲ. 1973ರ ಅವರ ಲೇಖನದ ಹೆಸರಿನಲ್ಲೇ 'ಟ್ರಾನ್ಸ್‌ವರ್ಸ್' ಇದೆ, ಅಂದರೆ ಅಡ್ಡ. ಹಾಗಾಗಿ 'ಅಡ್ಡಪದರ ಚಿತ್ರ'. ಪದರ ಅಂದರೆ ಯಾರಿಗೂ ಚಾಕು ನೆನಪಾಗಲ್ಲ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕಾಂತದಿಂದ ದೇಹದ ಒಳಚಿತ್ರ ತೆಗೆಯುವ ಎಂ.ಆರ್.ಐ. ಹೆಸರಿನಲ್ಲಿ ಮೊದಲು 'ನ್ಯೂಕ್ಲಿಯರ್' (ಪರಮಾಣುವಿನ ಬೀಜಕ್ಕೆ ಸಂಬಂಧಿಸಿದ್ದು ಅಂತಷ್ಟೇ ಅರ್ಥ) ಇತ್ತು, ಜನ ಬಾಂಬು ಅಂದುಕೊಂಡು ಹೆದರುತ್ತಾರೆ ಅಂತಲೇ ಕೈಬಿಟ್ಟರು. ನೀವು ಹೋಳು, ಸೀಳು, ಕೊಯ್ತ ಅಂತ ಬರೆದರೆ ಓದಿದವನು ಆ ಯಂತ್ರದ ಹತ್ತಿರ ಸುಳಿಯಲ್ಲ.

* * *

ಹೆದರಿಕೆ ಮಾತು ಒಪ್ಪಿದೆ. ಆದರೆ ಪದ ಯಾಕೆ ಬೇಕು? ಸಿ.ಟಿ. ಸ್ಕ್ಯಾನ್ ಅಂತ ಬಿಟ್ಟುಬಿಡಿ. ಪುಸ್ತಕದಲ್ಲಿ 'ಕ್ಷಕಿರಣ' ಓದಿದವರೂ ಬಾಯಲ್ಲಿ ಎಕ್ಸ್‌ರೇ ಅಂತಲೇ ಅನ್ನೋದು.

* * *

ಕ್ಷಕಿರಣದ ತಂಟೆಗೆ ಬರಬೇಡಿ. 1895ರಲ್ಲಿ ರಾಂಟ್ಜೆನ್ ಗೊತ್ತಿಲ್ಲದ ಕಿರಣ ಅಂತ ಎಕ್ಸ್ ಅಂದರು, ಬೀಜಗಣಿತದ ಅಜ್ಞಾತದ ಹಾಗೆ. ನಮ್ಮವರು ಆ ಜಾಗದಲ್ಲಿ 'ಕ್ಷ' ಇಟ್ಟರು. ಅರ್ಥವೂ ಉಳಿಯಿತು, ಸದ್ದೂ ಉಳಿಯಿತು. ಇದಕ್ಕಿಂತ ಜಾಣ ಅನುವಾದ ನನಗೆ ಗೊತ್ತಿಲ್ಲ. ಬಾಯಿಗೆ ಬರಲಿಲ್ಲ ಅನ್ನೋದು ಪದದ ತಪ್ಪಲ್ಲ, ಶಾಲೆಯಿಂದ ಹೊರಗೆ ಅದನ್ನು ಬಳಸದವರ ತಪ್ಪು.

* * *

ತಪ್ಪು ಜನರದ್ದೇ, ಸರಿ ಬಿಡಿ. ಎಂ.ಆರ್.ಐ.ಗೆ ದಾರಿ ಮಾಡಿದ ಲಾಟರ್ಬರ್ 1973ರಲ್ಲಿ ತನ್ನ ವಿಧಾನಕ್ಕೆ 'ಝೂಗ್ಮಟೋಗ್ರಫಿ' ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ನೊಗ, ಜೋಡಣೆ ಅನ್ನೋ ಪದದಿಂದ ಮಾಡಿದ್ದು, ನಮ್ಮ 'ಯೋಗ'ದ ದೂರದ ದಾಯಾದಿ. ಎಷ್ಟು ಚಂದದ ವ್ಯುತ್ಪತ್ತಿ! ಅವರಿಗೆ 2003ರಲ್ಲಿ ನೊಬೆಲ್ ಬಂತು, ಪದಕ್ಕೆ ಯಾರೂ ಕ್ಯಾರೇ ಅನ್ನಲಿಲ್ಲ.

* * *

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹದಲ್ಲಿ 'ಸಿ.ಟಿ. ಸ್ಕ್ಯಾನ್', ಕೆಳಗೆ ಸಣ್ಣಕ್ಷರದಲ್ಲಿ 'ಅಡ್ಡಪದರ ಚಿತ್ರ' ಅಂತ ಹಾಕಿ ಅಚ್ಚಿಗೆ ಕೊಟ್ಟೆ. ಹೋಳುತಿಟ್ಟದವರು ನಾಳೆ ಬೈಯಲಿ, ಇವತ್ತು ಇನ್ನೂ ಎರಡು ಫಲಕ ಬಾಕಿ ಇದೆ.