ಅಪ್‌ಡೇಟ್: ಸ್ಟೀರಿಂಗ್‌ನ ಕಟಕಟ ನಿಂತಿತು
ಹಳೆಯ ಮಾರುತಿ 800ರ ಸ್ಟೀರಿಂಗ್ ಸಡಿಲವಾಗಿ ಕಟಕಟ ಎನ್ನುತ್ತಿದೆ, ಮನೆಯಲ್ಲೇ ಸರಿಪಡಿಸಬಹುದೇ ಎಂದು ಕೇಳಿದ್ದೆನಲ್ಲ? ಆಯಿತು. ಸವೆದಿದ್ದದ್ದು ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗ್‌ನ ಸರಳನ್ನು ಮುಂದಿನ ಚಕ್ರಕ್ಕೆ ಜೋಡಿಸುವ ತುದಿ. ಎಡಗಡೆಯದರ ರಬ್ಬರ್ ಹರಿದು, ಒಳಗಿನ ಗ್ರೀಸ್‌ಗೆ ಮಣ್ಣು ಸೇರಿ ಗಟ್ಟಿಯಾಗಿತ್ತು. ಅದರೊಳಗಿನ ಬಾಲ್ ಜಾಯಿಂಟ್ (ಗುಂಡಿನ ಕೀಲು) ಕೈಯಲ್ಲೇ ಲೊಡಲೊಡ ಅಲುಗಾಡುತ್ತಿತ್ತು. ಎರಡೂ ಬದಿಯದನ್ನು ಬದಲಿಸಿದೆ.

ನೀವು ಹೇಳಿದ ಉಪಾಯವೇ ಫಲಿಸಿತು: ನಟ್ ಸಡಿಲಿಸಿ, ಬೋಲ್ಟ್‌ನ ತುದಿಗೆ ಬಡಿಯದೆ, ಅದು ಕೂತಿರುವ ನಕಲ್‌ನ (ಚಕ್ರವನ್ನು ತಿರುಗಿಸುವ ಕಬ್ಬಿಣದ ತೋಳು) ಪಕ್ಕಕ್ಕೆ ಸುತ್ತಿಗೆಯಿಂದ ಜೋರಾಗಿ ಹೊಡೆದಾಗ ಟೈ ರಾಡ್ ಎಂಡ್ ಠಣ್ಣನೆ ಕಳಚಿಕೊಂಡಿತು. ಎಂಡ್ ಅನ್ನು ಸರಳಿಗೆ ಬಿಗಿಹಿಡಿಯುವ ಬಲಗಡೆಯ ಲಾಕ್ ನಟ್ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕಾಯಿತು. ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದೆನೋ ಹೊಸದನ್ನು ಅಷ್ಟೇ ಸುತ್ತು ತಿರುಗಿಸಿ, ನಟ್ ಸಡಿಲವಾಗದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಆದರೂ ಇದು ಅಂದಾಜಿನ ಅಳತೆ. ವೀಲ್ ಅಲೈನ್‌ಮೆಂಟ್ (ಚಕ್ರಗಳ ದಿಕ್ಕು ಸರಿಹೊಂದಿಸುವುದು) ಮಾಡಿಸಿದ ಮೇಲೆಯೇ ಗಾಡಿ ನೇರವಾಗಿ ಓಡುತ್ತಿದೆ. ಆ ಖರ್ಚನ್ನು ಉಳಿಸಲು ಹೋದರೆ ಟೈರ್ ಅಂಚಿನಲ್ಲಿ ಸವೆದು ದುಪ್ಪಟ್ಟು ಹಣ ಕೀಳುತ್ತದೆ.