ಸೊಪ್ಪಿನ ಬೆಟ್ಟದ ತುರಚೆ: ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಶ್ರೀಪಾದ ಚಿಕ್ಕಪ್ಪ: ನಿನ್ನೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ತುರಚೆ ಬಳ್ಳಿ ತಾಗಿ ಪುಟ್ಟನ ಮೊಣಕಾಲಿನ ತುಂಬ ದದ್ದು ಎದ್ದದ್ದನ್ನು ಎಲ್ಲರೂ ನೋಡಿದ್ದೀರಿ. ಇದು ಪಾರ್ಥೇನಿಯಂನಂತೆಯೇ ಹೊರದೇಶದಿಂದ ಬಂದ ಕಳೆಯೆಂದೂ, ಕಳೆನಾಶಕ ಹೊಡೆಯದೆ ಹೋಗುವುದಿಲ್ಲವೆಂದೂ ಗುಂಪಿನಲ್ಲಿ ಮೇಲೆ ಹಾಕಿರುವ ಬರಹದಲ್ಲಿದೆ. ಭಾನುವಾರಕ್ಕೆ ಆಳು ಹೇಳಿದ್ದೇನೆ, ಎಲ್ಲರೂ ಒಪ್ಪಿಗೆ ತಿಳಿಸಿ.

ವೀಣಾ: ಚಿಕ್ಕಪ್ಪ, ನನ್ನ ಒಪ್ಪಿಗೆ ಇಲ್ಲ. ಆ ಬರಹದ ಚಿತ್ರದಲ್ಲಿ ಇರುವುದು ಕಂದು ರೋಮದ ಕಾಯಿ ಬಿಟ್ಟ ನಸುಗುನ್ನಿಯೇ ಹೊರತು ತುರಚೆಯಲ್ಲ. ಪಾರ್ಥೇನಿಯಂ ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯ ಬಳಿ. ತುರಚೆಯನ್ನಾದರೋ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥ ಮಲಬಾರಿನ ಗಿಡವೆಂದೇ, ಅಲ್ಲಿಯ ಹೆಸರಿನಿಂದಲೇ ದಾಖಲಿಸಿದೆ. ಇದು ಹರಳೆಣ್ಣೆ ಕೊಡುವ ಹರಳು ಗಿಡದ ಕುಟುಂಬಕ್ಕೆ ಸೇರಿದ ನಮ್ಮ ಕಾಡಿನದೇ ಬಳ್ಳಿ.

ರಾಘು: ವೀಣಕ್ಕ, ನಮ್ಮದೇ ಬಳ್ಳಿಯಾದರೂ ಮಗುವಿಗೆ ಆದ ಉರಿ ಉರಿಯೇ ಅಲ್ಲವೇ? ರಾತ್ರಿಯಿಡೀ ಅವನು ನಿದ್ದೆ ಮಾಡಲಿಲ್ಲ.

ವೀಣಾ: ಅದು ನನಗೂ ಸಂಕಟದ ಮಾತೇ, ರಾಘು. ತುರಚೆಯ ಚುಚ್ಚುವ ಒಂದೊಂದು ರೋಮದೊಳಗೂ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಯಂಥ ಹರಳೊಂದಿರುತ್ತದೆ. ಮೈಗೆ ತಾಗಿದೊಡನೆ ಅದು ಚರ್ಮವನ್ನು ಚುಚ್ಚಿ ಉರಿಸುವ ರಸವನ್ನು ಒಳಗೆ ಬಿಡುತ್ತದೆ. ಆದ್ದರಿಂದ ಉಜ್ಜಿದಷ್ಟೂ ಉರಿ ಹೆಚ್ಚು. ಸೆಲ್ಲೋಟೇಪ್ ಒತ್ತಿ ಎಳೆದು ರೋಮ ತೆಗೆದು, ಆಮೇಲೆ ಸೋಪಿನ ನೀರಿನಲ್ಲಿ ತೊಳೆಯಬೇಕು. ನಿನ್ನೆ ಎಲ್ಲರೂ ಸೇರಿ ಟವೆಲಿನಿಂದ ತಿಕ್ಕಿದೆವು.

ಕಳೆದ ಮಳೆಗಾಲದಲ್ಲಿ ಅದೇ ಬಳ್ಳಿಯ ಎಲೆಯನ್ನು ಕೋಲಿನಿಂದ ಮಗುಚಿ ನೋಡಿದ್ದೆ. ಅಡಿಯಲ್ಲಿ ಮೈತುಂಬ ಮುಳ್ಳಿದ್ದ ಎರಡು ಕಂಬಳಿಹುಳುಗಳು ಅಂಚಿನ ಹಲ್ಲುಗಳನ್ನು ಒಂದೊಂದಾಗಿ ಮೇಯುತ್ತಿದ್ದವು. ಕಾಮನ್ ಕ್ಯಾಸ್ಟರ್ ಚಿಟ್ಟೆಯ ಹುಳುಗಳಿಗೆ ಹರಳು ಗಿಡದಂತೆ ತುರಚೆಯೂ ಆಹಾರ. ನಮ್ಮ ಬೆಟ್ಟದಲ್ಲಿ ಹರಳು ಗಿಡ ಎಲ್ಲಿದೆ? ಅದಕ್ಕಿಂತ ಮುಖ್ಯವಾಗಿ, ಅಲ್ಲಿಯ ಸೊಪ್ಪನ್ನೇ ಕೊಟ್ಟಿಗೆಗೆ ಹಾಸುತ್ತೇವೆ, ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಕಳೆನಾಶಕ ಹೊಡೆದ ಸೊಪ್ಪಿನ ಮೇಲೆ ದನ ಮಲಗಬೇಕೇ, ಚಿಕ್ಕಪ್ಪ? ಕಾಲುದಾರಿಯ ಮಗ್ಗುಲಲ್ಲಿರುವುದನ್ನು ಕತ್ತಿಯಿಂದ ಸವರಿಸಿದರೆ ಸಾಕು.

ಶ್ರೀಪಾದ ಚಿಕ್ಕಪ್ಪ: ದನದ ವಿಚಾರ ನನಗೆ ಹೊಳೆದಿರಲಿಲ್ಲ. ಭಾನುವಾರ ದಾರಿಯ ಎರಡೂ ಬದಿ ಮೂರು ಅಡಿ ಸವರಿಸುತ್ತೇನೆ, ಔಷಧಿ ತರಿಸುವುದಿಲ್ಲ. ಆದರೆ ಬಾವಿಯ ಹತ್ತಿರದ ಬಳ್ಳಿಯನ್ನು ಮಾತ್ರ ಬುಡಸಮೇತ ಕೀಳಿಸಿಯೇ ತೀರುತ್ತೇನೆ, ಅದಕ್ಕೆ ನೀನು ಅಡ್ಡ ಬರಬೇಡ.

ವೀಣಾ: ಬರುವುದಿಲ್ಲ. ಕೀಳುವವರಿಗೆ ಕೈಗವಸು ಕೊಡಿ.