ಸಹಾಯ ಬೇಕು: ಗೋವಾದಲ್ಲಿ ಸ್ಕೂಬಾ ತಂಡದ ಕೆಲಸಕ್ಕೆ ಸೇರುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನನ್ನ ಊರು ಕಾರವಾರ. ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಡೈವಿಂಗ್ ಶುರುವಾದಾಗ ವಾಸ್ಕೋ ಕಡೆಯ ಒಂದು ಸಣ್ಣ ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ತಂಡಕ್ಕೆ ಸೇರುತ್ತಿದ್ದೇನೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಅನ್ನುವ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿದ್ದೇನೆ. ಅದರಲ್ಲಿ 18 ಮೀಟರ್ ಆಳದವರೆಗೆ ಮಾತ್ರ ಇಳಿಯಬಹುದು. ಹಾಗಾಗಿ ಸದ್ಯ ನನ್ನದು ದೋಣಿ ಮೇಲಿನ ಕೆಲಸ. ಸಿಲಿಂಡರ್ ಹೊರುವುದು, ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಜೋಡಿಸುವುದು, ಸಂಜೆ ಎಲ್ಲವನ್ನೂ ಸಿಹಿ ನೀರಲ್ಲಿ ತೊಳೆಯುವುದು. ಇದು ಕಷ್ಟ ಅನ್ನಿಸುತ್ತಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಮೊದಲ ಸಲ ನೀರಿಗಿಳಿಯುವವರ ಬಗ್ಗೆ. ನಾವು ಡೈವಿಂಗ್‌ಗೆ ಕರೆದೊಯ್ಯುವ ವಾಸ್ಕೋ ಹತ್ತಿರದ ಗ್ರ್ಯಾಂಡ್ ಐಲ್ಯಾಂಡ್ ದ್ವೀಪಕ್ಕೆ ಈಜು ಬಾರದವರೂ ಬರುತ್ತಾರೆ. ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳಿ, ಉಸಿರು ಹಿಡಿಯಬೇಡಿ ಅಂತ ಎಷ್ಟು ಹೇಳಿದರೂ ಗಾಬರಿಯಾದಾಗ ಮರೆತುಹೋಗುತ್ತದೆ ಅಲ್ವಾ? ಉಸಿರು ಹಿಡಿದುಕೊಂಡೇ ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಅಂಥವರನ್ನು ನೀವು ಹೇಗೆ ಸಮಾಧಾನ ಮಾಡುತ್ತೀರಿ? ಅಸ್ತಮಾ ಇದ್ದರೂ ಆರೋಗ್ಯದ ಫಾರ್ಮ್‌ನಲ್ಲಿ ಬರೆಯದೆ ಸುಮ್ನೆ ಸಹಿ ಹಾಕುವವರು ಇರುತ್ತಾರೆ. ಅನುಮಾನ ಬಂದರೆ ಹೊಸಬನಾದ ನಾನು ಯಾರಿಗೆ, ಹೇಗೆ ಹೇಳಲಿ?

ಇನ್ನೊಂದು ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಕೆಲಸ ನಿಲ್ಲುತ್ತದೆ. ಆಗ ಸಂಬಳ ಕೊಡುತ್ತಾರಾ? ಇನ್ಶೂರೆನ್ಸ್ ಬಗ್ಗೆ ಸೇರುವ ಮೊದಲೇ ಬರಹದಲ್ಲಿ ಕೇಳಬಹುದಾ?

ವಾಸ್ಕೋದಲ್ಲಿರುವ ಕನ್ನಡದವರೇ, ಬಾಯ್ನಾ ಹತ್ತಿರ ಕಡಿಮೆ ಬಾಡಿಗೆಯ ರೂಮ್ ಇದ್ದರೆ ದಯವಿಟ್ಟು ತಿಳಿಸಿ.